ಕಾಡಿನಿಂದ ಸಂಸತ್ತಿಗೆ: ಮೊಜಾಂಬಿಕ್‌ನ ಶಾಂತಿಪಯಣ



ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಆಫ್ರಿಕಾದ ಮೊಜಾಂಬಿಕ್ ದೇಶಕ್ಕೆ ಅದು ಶಾಂತಿಯ ದಿನವೂ ಹೌದು. 1992ರಲ್ಲಿ ಇದೇ ಹಬ್ಬದಂದು ರೋಮ್ ನಗರದಲ್ಲಿ ಅಲ್ಲಿನ ಸರ್ಕಾರ ಮತ್ತು ರೆನಾಮೊ ಬಂಡಾಯ ಪಡೆ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದವು.

1975ರಲ್ಲಿ ಪೋರ್ಚುಗೀಸರಿಂದ ಬಿಡುಗಡೆ ಪಡೆದ ಈ ದೇಶದಲ್ಲಿ ಫ್ರೆಲಿಮೊ ಏಕಪಕ್ಷ ಆಡಳಿತ ಸ್ಥಾಪಿಸಿತು. ಧರ್ಮಸಭೆಯ ಶಾಲೆ, ಆಸ್ಪತ್ರೆಗಳನ್ನು ಸರ್ಕಾರ ವಶಪಡಿಸಿಕೊಂಡಿತು. ನೆರೆಯ ರೊಡೇಷ್ಯಾದ ಬಿಳಿಯರ ಸರ್ಕಾರ ರೆನಾಮೊ ಪಡೆಯನ್ನು ಹುಟ್ಟುಹಾಕಿತು. 1980ರಿಂದ ದಕ್ಷಿಣ ಆಫ್ರಿಕಾ ಅದನ್ನು ಪೋಷಿಸಿತು. ಸರ್ಕಾರದ ನೀತಿಗಳಿಂದ ನೊಂದ ಹಳ್ಳಿಗರೂ ಕೆಲವೆಡೆ ಅದಕ್ಕೆ ಬೆಂಬಲವಾದರು. ಆದರೆ ರೆನಾಮೊ ಶಾಲೆಗಳನ್ನು ಸುಟ್ಟಿತು, ಮಕ್ಕಳನ್ನು ಅಪಹರಿಸಿ ಅವರ ಕೈಗೆ ಬಂದೂಕು ಕೊಟ್ಟಿತು. ಯುದ್ಧ ಮತ್ತು ಬರಗಾಲದಿಂದ ಸುಮಾರು 10 ಲಕ್ಷ ಜನ ಸತ್ತರು.

ಸರ್ಕಾರ ಅವರನ್ನು 'ಸಶಸ್ತ್ರ ಡಕಾಯಿತರು' ಎನ್ನುತ್ತಿತ್ತು. ಡಕಾಯಿತರೊಂದಿಗೆ ಮಾತುಕತೆ ಎಲ್ಲಿಯದು? ಆದರೂ ಧರ್ಮಾಧ್ಯಕ್ಷರು ಸಂವಾದಕ್ಕೆ ಮತ್ತೆ ಮತ್ತೆ ಕರೆ ಕೊಟ್ಟರು. 1988ರಲ್ಲಿ ಬೈರಾದ ಮಹಾಧರ್ಮಾಧ್ಯಕ್ಷ ಜೈಮೆ ಗೊನ್ಸಾಲ್ವಿಸ್‌ರವರು ಗುಟ್ಟಾಗಿ ಕಾಡಿಗೆ ಹೋಗಿ ರೆನಾಮೊ ನಾಯಕ ಅಫೊನ್ಸೊ ಡ್ಲಕಾಮರನ್ನು ಕಂಡರು. ಇಬ್ಬರದೂ ಒಂದೇ ತಾಯ್ನುಡಿ, ಎನ್‌ಡೌ. ಮಾತಿಗೆ ದಾರಿ ತೆರೆಯಿತು.

1990ರ ಜುಲೈನಲ್ಲಿ ರೋಮ್‌ನ ಟ್ರಾಸ್ಟೆವೆರೆಯ ಹಳೆಯ ಕನ್ಯಾಮಠವೊಂದರಲ್ಲಿ ಮಾತುಕತೆ ಆರಂಭವಾಯಿತು. ಅದು ಸಂತ ಎಜಿದಿಯೊ ಎಂಬ ಶ್ರೀಸಾಮಾನ್ಯ ಕಥೋಲಿಕರ ಸಮುದಾಯದ ನೆಲೆ. ಅದರ ಸಂಸ್ಥಾಪಕ ಅಂದ್ರೆಯಾ ರಿಕಾರ್ಡಿ, ಗುರು ಮತ್ತೆಯೊ ಜುಪ್ಪಿ, ಮಹಾಧರ್ಮಾಧ್ಯಕ್ಷ ಗೊನ್ಸಾಲ್ವಿಸ್ ಮತ್ತು ಇಟಲಿ ಸರ್ಕಾರದ ಮಾರಿಯೊ ರಫೇಲಿ ಮಧ್ಯಸ್ಥರು. ಅವರ ಬಳಿ ಸೈನ್ಯವೂ ಇರಲಿಲ್ಲ, ಅಧಿಕಾರವೂ ಇರಲಿಲ್ಲ, ತಾಳ್ಮೆಯಿತ್ತು. ಮೊದಲ ಸಭೆಯಲ್ಲೇ ಎರಡೂ ಕಡೆಯವರು ತಾವು ಒಂದೇ ಮೊಜಾಂಬಿಕ್ ಕುಟುಂಬದವರೆಂದು ಒಪ್ಪಿಕೊಂಡರು. 'ಡಕಾಯಿತ' ಅಂದು ಮನೆಯವನಾದ. ಉಳಿದದ್ದಕ್ಕೆ ಎರಡು ವರ್ಷ ಹಿಡಿಯಿತು.

ಬಂದೂಕು ಹಿಡಿದವರು ಪಕ್ಷ ಕಟ್ಟುವುದು ಸುಲಭವಲ್ಲ. ಕಚೇರಿ ಬೇಕು, ಹಣ ಬೇಕು, ಊರಲ್ಲಿ ತಲೆಯೆತ್ತಿ ನಡೆಯುವ ಧೈರ್ಯ ಬೇಕು. ಅದಕ್ಕಾಗಿ ವಿಶ್ವಸಂಸ್ಥೆ ಒಂದು ನಿಧಿಯನ್ನೇ ತೆರೆಯಿತು. 1994ರ ಚುನಾವಣೆಯಲ್ಲಿ ಜೊವಾಕಿಂ ಶಿಸಾನೊ ಅಧ್ಯಕ್ಷರಾದರು. ಸೋತ ರೆನಾಮೊ 250 ಸ್ಥಾನಗಳ ಸಂಸತ್ತಿನಲ್ಲಿ 112 ಸ್ಥಾನ ಪಡೆದು ವಿರೋಧ ಪಕ್ಷವಾಗಿ ಕುಳಿತಿತು.

ಇದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಎರಡೂ ಕಡೆಯವರಿಗೆ ಕ್ಷಮಾದಾನ ಸಿಕ್ಕಿತು. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ನ್ಯಾಯಾಲಯದ ತೀರ್ಪು ಸಿಗಲಿಲ್ಲ. ರೆನಾಮೊ ಒಂದಿಷ್ಟು ಆಯುಧಗಳನ್ನು ಉಳಿಸಿಕೊಂಡಿತ್ತು. 2013ರಲ್ಲಿ ಗುಂಡಿನ ಸದ್ದು ಮರುಕಳಿಸಿತು. ಡ್ಲಕಾಮ 2018ರಲ್ಲಿ ತೀರಿಕೊಂಡರು. 2019ರ ಆಗಸ್ಟ್‌ನಲ್ಲಿ ಹೊಸ ಒಪ್ಪಂದವಾಯಿತು. ಮರುತಿಂಗಳೇ ಪೋಪ್ ಫ್ರಾನ್ಸಿಸ್‌ರವರು ಅಲ್ಲಿಗೆ ಹೋಗಿ ಶಾಂತಿಯನ್ನು ಹರಸಿದರು. 2023ರಲ್ಲಿ ರೆನಾಮೊದ ಕೊನೆಯ ಸೇನಾನೆಲೆ ಮುಚ್ಚಿತು. 2024ರ ಚುನಾವಣೆಯಲ್ಲಿ ರೆನಾಮೊ ಮೂರನೆಯ ಸ್ಥಾನಕ್ಕೆ ಕುಸಿಯಿತು. ಫಲಿತಾಂಶವನ್ನು ಒಪ್ಪದ ಜನರು ಬೀದಿಗಿಳಿದಾಗ ಮತ್ತೆ ರಕ್ತ ಹರಿಯಿತು.

ಶಾಂತಿ ಒಮ್ಮೆ ಸಹಿ ಹಾಕಿ ಮುಗಿಸುವ ಕೆಲಸವಲ್ಲ. ಹೊಲದಂತೆ ಪ್ರತಿವರ್ಷ ಕಳೆ ಕೀಳಬೇಕು. ನಮ್ಮ ಮನೆಗಳಲ್ಲೂ ಆಸ್ತಿಗಾಗಿ ಮಾತು ಬಿಟ್ಟ ಅಣ್ಣತಮ್ಮಂದಿರಿದ್ದಾರೆ. ಎದುರಾಳಿಗೆ ನಾವು ಇಟ್ಟ ಹೆಸರನ್ನು ಕೈಬಿಟ್ಟು 'ಇವನೂ ನಮ್ಮ ಮನೆಯವನೇ' ಎಂದು ಒಪ್ಪಿದ ದಿನ ಮಾತು ಶುರುವಾಗುತ್ತದೆ. ಸಂತ ಫ್ರಾನ್ಸಿಸರ ಹಬ್ಬದಂದು ಆ ಮೊದಲ ಹೆಜ್ಜೆಯನ್ನು ಇಡುವ ಕೃಪೆಯನ್ನು ದೇವರು ನಮಗೆಲ್ಲರಿಗೂ ಅನುಗ್ರಹಿಸಲಿ.