ನಮ್ಮ ಸೀಮೆಯಲ್ಲಿ ಪ್ರೌಢರ ಅಕ್ಷರಾಭ್ಯಾಸ

ವಿದ್ಯಾಭ್ಯಾಸವು ಬಾಲ್ಯದಲ್ಲಿಯೇ ಆಗತಕ್ಕದ್ದೆಂದು ನಮ್ಮ ಜನರು ಬಹುಕಾಲದಿಂದ ನಂಬಿರುವರು. ಆದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ತಾಲೂಕುಗಳ ಪೂರ್ವವೃತ್ತಾಂತವನ್ನು ನೋಡಲಾಗಿ, ಪ್ರೌಢರನ್ನು ಓದಿಗೆ ತರುವ ಉದ್ಯಮವು ಇಲ್ಲಿ ಹೊಸತಲ್ಲವೆಂದು ತಿಳಿದುಬರುವದು.

ಮೊದಲು ನಮ್ಮ ಹಿರಿಯರಿಗೆ ಓದು ಕಿವಿಯಿಂದಲೇ ಒದಗುತ್ತಿತ್ತು. ಶ್ರಾವಣಮಾಸದಲ್ಲಿ ಗುಡಿ ಮಠಗಳಲ್ಲಿ ಒಬ್ಬನು ಪುರಾಣವನ್ನು ಓದಿದರೆ ಊರೇ ಕುಳಿತು ಕೇಳುತ್ತಿತ್ತು. ಕೇಳುವವರನ್ನು ಓದುವವರನ್ನಾಗಿ ಮಾಡಿದವರಲ್ಲಿ ಹಾವೇರಿ ತಾಲೂಕಿನ ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು (1869–1942), ಅಗ್ರಗಣ್ಯರು. ಶಿಕ್ಷಕವೃತ್ತಿಯಲ್ಲಿದ್ದ ಇವರು ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯನ್ನು ನಡೆಯಿಸಿದರು. ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ವರ್ಣಮಾಲೆಯನ್ನು ಕಲಿಸಲು ಹೊರಟವರಲ್ಲ. ಕಲಿತ ಅಕ್ಷರಕ್ಕೆ ಆಹಾರವನ್ನು ಒದಗಿಸಿದವರು.

ಸರಕಾರದ ಪ್ರಯತ್ನವು ತರುವಾಯದ್ದು. ಆಗ ಈ ಸೀಮೆಯು ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1937–39ರ ಖೇರ ಮಂತ್ರಿಮಂಡಲವು ವಯಸ್ಕರ ಶಿಕ್ಷಣವನ್ನು ಕೈಗೆತ್ತಿಕೊಂಡಿತು. ಅತ್ತ ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯು ನವಸಾಕ್ಷರರಿಗಾಗಿ ‘ಬೆಳಕು’ ಎಂಬ ವಾರಪತ್ರಿಕೆಯನ್ನೇ ಹೊರಡಿಸಿತು. 1956ರಲ್ಲಿ ಈ ಎರಡೂ ಸೀಮೆಗಳು ಒಂದೇ ರಾಜ್ಯವಾದವು. 1978ರ ಅಕ್ಟೋಬರ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವೂ, 1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ನೂ ಆರಂಭವಾದವು. 1990ರ ದಶಕದ ಆಂದೋಲನದಲ್ಲಿ ಮೂರು ಪಾಠಪುಸ್ತಕಗಳನ್ನು ಸುಮಾರು 200 ತಾಸುಗಳಲ್ಲಿ ಮುಗಿಸುವ ಕ್ರಮವಿತ್ತು.

ಆ ದಿನಗಳಲ್ಲಿ ಬ್ಯಾಡಗಿ ತಾಲೂಕಿನ ಒಂದು ಹಳ್ಳಿಯಲ್ಲಿ ಈ ಲೇಖಕನು ರಾತ್ರಿಯ ವರ್ಗವನ್ನು ನಡೆಯಿಸುತ್ತಿದ್ದನು. ಹಗಲೆಲ್ಲ ಮೆಣಸಿನಕಾಯಿಯ ತೊಟ್ಟು ಬಿಡಿಸಿ, ಉರಿಯುವ ಕೈಗಳಿಂದಲೇ ಪಾಟಿಯನ್ನು ಹಿಡಿಯುತ್ತಿದ್ದ ಒಬ್ಬ ಹೆಣ್ಣುಮಗಳು ಕೆಲವೇ ತಿಂಗಳಲ್ಲಿ ತನ್ನ ಹೆಸರನ್ನು ಬರೆದಳು. ಬಸ್ಸಿನ ಫಲಕವನ್ನು ಓದಿದಳು. ಐದಾರು ವರ್ಷಗಳ ತರುವಾಯ ಆಕೆಯು ಒಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತಿರುವದನ್ನು ಕಂಡು ಕಾರಣವನ್ನು ಕೇಳಿದೆನು. “ಮಾಸ್ತರ, ಕಲಿಸಿದ್ರಿ ಖರೆ, ಆಮ್ಯಾಲ ಓದಾಕ ಏನ ಕೊಟ್ರಿ?” ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

1997ರಲ್ಲಿ ಹಾವೇರಿಯು ಪ್ರತ್ಯೇಕ ಜಿಲ್ಲೆಯಾಯಿತು. ಜಿಲ್ಲೆಯ ಸಾಕ್ಷರತೆಯು 2001ರ ಜನಗಣತಿಯಲ್ಲಿ ಶೇಕಡಾ 67.79 ಇದ್ದದ್ದು 2011ರಲ್ಲಿ 77.40ಕ್ಕೆ ಏರಿತು. ಸಂತೋಷದ ವಿಷಯವೇ. ಆದರೂ ಆ ಗಣತಿಯಲ್ಲಿಯೇ ಪುರುಷರು ಶೇಕಡಾ 84ರಷ್ಟು ಸಾಕ್ಷರರಾಗಿದ್ದರೆ, ಸ್ತ್ರೀಯರು ಶೇಕಡಾ 70ರ ಆಸುಪಾಸಿನಲ್ಲಿದ್ದರು. ಒಮ್ಮೆ ಕಲಿತು ಮರೆತವರ ಲೆಕ್ಕವನ್ನಂತೂ ಈ ಅಂಕಿಗಳು ಹೇಳಲಾರವು.

ಈಗ ಕನ್ನಡದ ಜೊತೆಗೆ ಇಂಗ್ಲಿಷಿನ ಅಗತ್ಯವೂ ಬಂದೊದಗಿದೆ. ಬೀಜದ ಚೀಲ, ಔಷಧದ ಡಬ್ಬಿ, ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶ, ಎಲ್ಲದರಲ್ಲಿಯೂ ಆ ಅಕ್ಷರಗಳೇ. ಅದನ್ನೂ ಕಲಿಸಬೇಕಾದದ್ದೇ, ಆದರೆ ತಾಯ್ನುಡಿಯ ಓದು ಗಟ್ಟಿಯಾದ ಮೇಲೆ ಎರಡನೆಯದು ಸುಲಭವಾಗಿ ನಿಲ್ಲುವದೆಂಬುದು ನನ್ನ ಅನುಭವ.

ಕಲಿಸುವವರು ಕಾಲಕಾಲಕ್ಕೆ ಬಂದರು, ಹೋದರು. ಓದನ್ನು ಮನೆಬಾಗಿಲಿಗೆ ಹೊತ್ತು ತಂದವರು ವಿರಳ. ನಮ್ಮ ಊರುಗಳ ವಾಚನಾಲಯಗಳು ಹೊಸದಾಗಿ ಕಲಿತವರಿಗೆಂದು ದಪ್ಪಕ್ಷರದ ಪುಸ್ತಕಗಳನ್ನಿಟ್ಟು, ವಾರಕ್ಕೊಮ್ಮೆ ಅವರನ್ನು ಕೂಡ್ರಿಸಿ ಓದಿಸಿದರೆ, ಗಳಗನಾಥರು ಹೊತ್ತ ಗಂಟಿನಲ್ಲಿ ನಾವೂ ಒಂದಿಷ್ಟು ಹೊತ್ತಂತಾಗುವದು.