ಸುರ್ಮಾದಿಂದ ಕ್ರೀಮಿನವರೆಗೆ: ಇತಿಹಾಸ ಕಲಿಸುವ ಒಂದು ಪಾಠ



ಇತಿಹಾಸವೆಂದರೆ ಕೋಟೆ, ಗುಂಬಜಗಳ ಕಥೆ ಮಾತ್ರವಲ್ಲ. ನಮ್ಮ ಮನೆಯ ಕನ್ನಡಿಯ ಮುಂದಿರುವ ಸುರ್ಮಾದಾನಿ, ಮೆಹಂದಿ ಕೋನ್, ಕ್ರೀಮಿನ ಡಬ್ಬಿಗಳಿಗೂ ಇತಿಹಾಸವಿದೆ. ಅದನ್ನು ತಿಳಿಯದೆ ಹೋದರೆ ನಷ್ಟ ನಮ್ಮ ಮಕ್ಕಳಿಗೇ.

ಮೊದಲು ಸುರ್ಮಾ. ಪ್ರಾಚೀನ ಈಜಿಪ್ಟಿನವರು ಗೆಲೀನಾ ಎಂಬ ಹೊಳೆಯುವ ಕಪ್ಪು ಕಲ್ಲನ್ನು ಅರೆದು ಕಣ್ಣಿಗೆ ಹಚ್ಚುತ್ತಿದ್ದರು. ಅದು ಸೀಸ ಮತ್ತು ಗಂಧಕ ಸೇರಿದ ಅದಿರು. ಹದೀಸ್‌ಗಳಲ್ಲಿ ಬರುವ 'ಇಸ್ಮಿದ್' ಎಂಬ ಪದಕ್ಕೆ ಸಾಮಾನ್ಯವಾಗಿ ಆಂಟಿಮನಿ ಕಲ್ಲು ಎಂದು ಅರ್ಥ ಹೇಳುತ್ತಾರೆ. ಅರೆದ ಪುಡಿಯನ್ನು ಬರಿಗಣ್ಣಿನಿಂದ ನೋಡಿ ಇದು ಯಾವುದು, ಅದು ಯಾವುದು ಎಂದು ಹೇಳಲಾಗದು. ಹೀಗಾಗಿ ಸುರ್ಮಾ ಎಂಬ ಹೆಸರಿನಲ್ಲಿ ಸೀಸವೂ ಮಾರಾಟವಾಗುತ್ತಾ ಬಂತು. 1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ವೈದ್ಯರು ಏಷ್ಯಾ ಮೂಲದ ಕುಟುಂಬಗಳ ಮಕ್ಕಳಲ್ಲಿ ಸೀಸದ ವಿಷಕ್ಕೆ ಸುರ್ಮಾ ಕಾರಣವೆಂದು ಗುರುತಿಸಿದರು. ಮಗು ಕಣ್ಣುಜ್ಜುತ್ತದೆ, ಅದೇ ಬೆರಳನ್ನು ಬಾಯಿಗಿಡುತ್ತದೆ. ಸೀಸವು ಬೆಳೆಯುವ ಮಿದುಳನ್ನು ಕೆಡಿಸಿ, ಕಲಿಯುವ ಶಕ್ತಿಯನ್ನೂ ಗಮನವನ್ನೂ ಕುಗ್ಗಿಸುತ್ತದೆ. ಇಷ್ಟು ಸೀಸ ದೇಹ ಸೇರಿದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಎರಡನೆಯದು ಕಪ್ಪು ಬಣ್ಣ. 1933ರ ಸುಮಾರಿಗೆ ಅಮೆರಿಕದಲ್ಲಿ 'ಲ್ಯಾಶ್ ಲೂರ್' ಎಂಬ ರೆಪ್ಪೆಯ ಬಣ್ಣ ಬಳಸಿದ ಮಹಿಳೆಯರು ದೃಷ್ಟಿ ಕಳೆದುಕೊಂಡರು, ಸಾವೂ ಸಂಭವಿಸಿತು. ಅಂದಿನ ಅಲ್ಲಿಯ ಕಾನೂನಿನಲ್ಲಿ ಸೌಂದರ್ಯ ಸಾಧನಗಳ ಮಾತೇ ಇರಲಿಲ್ಲ. 1938ರಲ್ಲಿ ಹೊಸ ಕಾನೂನು ಬಂತು. ಆ ಬಣ್ಣದಲ್ಲಿದ್ದುದು ಪ್ಯಾರಾಫಿನೈಲಿನ್‌ಡೈಅಮೈನ್, ಅಂದರೆ ಪಿಪಿಡಿ. ಇಂದು 'ಕಾಲಿ ಮೆಹಂದಿ' ಎಂದು ಮಾರುವ ಸರಕಿನಲ್ಲಿ ಅನೇಕ ಸಲ ಬೆರೆಸುವುದೂ ಇದನ್ನೇ. ಗೋರಂಟಿ ಎಲೆ ಕೊಡುವುದು ಕೆಂಪು-ಕಂದು ಬಣ್ಣ, ಅದೂ ನಿಧಾನವಾಗಿ. ಗಂಟೆಯೊಳಗೆ ಕೈ ಕಪ್ಪಾದರೆ ಅದು ಬರೀ ಎಲೆಯ ಗುಣವಲ್ಲ. ಅದರಿಂದ ಬೊಬ್ಬೆ ಏಳಬಹುದು, ಕಲೆ ಉಳಿಯಬಹುದು.

ಮೂರನೆಯದು ಬೆಳ್ಳಗಾಗಿಸುವ ಕ್ರೀಮು. ಪಾದರಸವು ಚರ್ಮದಲ್ಲಿ ಬಣ್ಣ ತಯಾರಾಗುವುದನ್ನು ತಡೆಯುತ್ತದೆ; ಚರ್ಮದ ಮೂಲಕ ರಕ್ತ ಸೇರಿ ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನಲ್ಲಿ ವೈದ್ಯರು 2021ರಿಂದ 2023ರವರೆಗೆ ಒಂದು ಬಗೆಯ ಮೂತ್ರಪಿಂಡ ರೋಗದ 22 ಪ್ರಕರಣಗಳನ್ನು ಪರಿಶೀಲಿಸಿದರು. ಅವುಗಳಲ್ಲಿ 15 ಪ್ರಕರಣಗಳು ಅಪರೂಪದ ಒಂದೇ ಗುಂಪಿಗೆ ಸೇರಿದ್ದವು. ಆ 15 ಮಂದಿಯಲ್ಲಿ 13 ಜನ ಬಿಳಿಚುವ ಕ್ರೀಮು ಬಳಸಿದವರು.

ನಮ್ಮ ದೇಶದಲ್ಲಿ 1940ರ ಔಷಧ ಕಾಯ್ದೆಗೆ ಸೌಂದರ್ಯ ಸಾಧನಗಳು ಸೇರಿದ್ದು 1962ರ ತಿದ್ದುಪಡಿಯಿಂದ. 2020ರ ನಿಯಮಗಳ ಪ್ರಕಾರ ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ ಬಳಸುವಂತಿಲ್ಲ. ಪಾದರಸಕ್ಕೂ ಕಟ್ಟುನಿಟ್ಟಿನ ಮಿತಿಯಿದೆ. ಆದರೆ ಹೆಸರು, ವಿಳಾಸ, ಲೈಸೆನ್ಸ್ ನಂಬರ್ ಇಲ್ಲದ ಪುಡಿಯ ತಯಾರಕನನ್ನು ಯಾವ ಅಧಿಕಾರಿ ಎಲ್ಲಿ ಹುಡುಕಬೇಕು?

ಇತಿಹಾಸದ ಪಾಠ ಇಷ್ಟೇ: ಯಾರೋ ನೊಂದ ಮೇಲೆ ಕಾನೂನು ಬರುತ್ತದೆ. ಆದ್ದರಿಂದ ಎಚ್ಚರ ಮನೆಯಿಂದಲೇ ಶುರುವಾಗಲಿ. ಬೀದರಿನ ಬಜಾರಿರಲಿ, ಭಾಲ್ಕಿ, ಔರಾದಿನ ಸಂತೆಯಿರಲಿ, ಕೊಳ್ಳುವ ಮುನ್ನ ಚೀಟಿ ಓದಿರಿ. ಚೀಟಿಯಿಲ್ಲದ ಕ್ರೀಮು ಬೇಡ. ಮರ್ಕ್ಯುರಿ, ಕ್ಯಾಲೊಮೆಲ್ ಎಂದಿದ್ದರೆ ಅಲ್ಲಿಯೇ ಬಿಟ್ಟುಬನ್ನಿರಿ. ಹಸುಗೂಸಿನ ಕಣ್ಣಿಗೆ ಸುರ್ಮಾ ಹಚ್ಚಬೇಡಿರಿ; ದೃಷ್ಟಿಗೆ ಅದರಿಂದ ಲಾಭವಿಲ್ಲ. ಅಮ್ಮಿ, ದಾದಿಯವರಿಗೆ ಇಂಗ್ಲಿಷ್ ಚೀಟಿ ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗಳು ಓದಿ ಹೇಳಲಿ.

ಮಹಮೂದ್ ಗವಾನ್ 1472ರಲ್ಲಿ ಮದರಸಾ ಕಟ್ಟಿಸಿದ ಊರು ನಮ್ಮದು. ಓದಿ, ಕೇಳಿ, ವಿಚಾರಿಸಿ ನಡೆಯುವುದು ನಮಗೆ ಹೊಸದಲ್ಲ. ಆ ಓದು ಅಡುಗೆಮನೆಗೂ ಕನ್ನಡಿಯ ಮುಂದಕ್ಕೂ ಬರಲಿ.