ಖಡಿ, ಜಲ್ಲಿ, ಕಂಕರ: ಕಲ್ಲು ನೀರಿಗೆ ದಾರಿ ಬಿಟ್ಟ ಕಥೆ

ನಮ್ಮ ಕಲಬುರಗಿ ಕಡೆ ಖಡಿ, ಬೆಂಗಳೂರಿನವರಿಗೆ ಜಲ್ಲಿ, ಇಲ್ಲಿ ಹೈದರಾಬಾದಿನಲ್ಲಿ ತೆಲುಗಿನವರ ಬಾಯಲ್ಲಿ ಕಂಕರ. ಹೆಸರು ಏನಾದರೇನು, ಒಡೆದ ಕಲ್ಲು ಒಡೆದ ಕಲ್ಲೇ ಅಲ್ಲವೆ ಅಂತ ನೀವು ಕೇಳಬಹುದು. ಅಂಗಡಿಯವನೂ ಹಾಗೇ ಅಂದುಕೊಂಡಿರುತ್ತಾನೆ. "ಇಪ್ಪತ್ತೋ ನಲವತ್ತೋ?" ಅಂತ ಒಂದೇ ಪ್ರಶ್ನೆ ಕೇಳಿ, ಟ್ರ್ಯಾಕ್ಟರ್ ತುಂಬಿಸಿ ಕಳಿಸಿಬಿಡುತ್ತಾನೆ. ಪ್ರತಿ ವರ್ಷ ಮೇ ತಿಂಗಳು ಮುಗಿಯುವ ಹೊತ್ತಿಗೆ ನಮ್ಮ ಕಾಲೊನಿಯಲ್ಲಿ ಯಾರಾದರೊಬ್ಬರು ಕೇಳುತ್ತಾರೆ - ತೋಟದಲ್ಲಿ ನೀರು ನಿಲ್ಲುತ್ತಿದೆ, ಹಿಂದಿನ ಇಳಿಜಾರಿನ ಮಣ್ಣು ಕೊಚ್ಚಿ ಹೋಗುತ್ತಿದೆ, ಯಾವ ಕಲ್ಲು ಹಾಕಿಸಲಿ? ಉತ್ತರ ಎರಡು ಸಾಲಿನಲ್ಲಿ ಹೇಳಿ ಮುಗಿಸಬಹುದು. ಆದರೆ ಆ ಎರಡು ಸಾಲಿಗೆ ಬರಲು ಜನ ಆರುನೂರು ವರ್ಷ ತೆಗೆದುಕೊಂಡಿದ್ದಾರೆ. ಆ ಕಥೆಯೇ ಹೆಚ್ಚು ರುಚಿ.

ಈ ದಖ್ಖನ್ನಿನ ನೆಲದಲ್ಲಿ ಕಲ್ಲು ಮತ್ತು ನೀರಿನ ಲೆಕ್ಕ ಶುರುವಾಗುವುದು ಕೆರೆ ಏರಿಯಿಂದ. ಕಡಪಾ ಜಿಲ್ಲೆಯ ಪೋರುಮಾಮಿಳ್ಳದಲ್ಲಿ 1369ರ ಒಂದು ಶಾಸನವಿದೆ. ವಿಜಯನಗರದ ಮೊದಲ ಬುಕ್ಕರಾಯನ ಮಗ ಭಾಸ್ಕರ ಕಟ್ಟಿಸಿದ ಕೆರೆಯ ಶಾಸನ ಅದು. ಶಾಸನ ಎಂದರೆ ರಾಜನ ಬಿರುದು, ದಾನ, ಶಾಪ ಇಷ್ಟೇ ಅಂದುಕೊಂಡವರು ಇದನ್ನು ಓದಬೇಕು. ಒಳ್ಳೆಯ ಕೆರೆಗೆ ಹನ್ನೆರಡು ಅಂಗಗಳು ಬೇಕು ಎಂದು ಅದು ಪಟ್ಟಿ ಕೊಡುತ್ತದೆ. ಧರ್ಮಿಷ್ಠ ರಾಜ ಬೇಕು, ನೀರಿನ ಶಾಸ್ತ್ರ ಬಲ್ಲ ಬ್ರಾಹ್ಮಣ ಬೇಕು, ಗಟ್ಟಿ ಮಣ್ಣಿನ ನೆಲ ಬೇಕು... ಜೊತೆಗೆ ನೇರವಾದ, ಉದ್ದನೆಯ ಕಲ್ಲು ಸಿಗುವ ಗಣಿಯೂ ಬೇಕು! ರಾಜ ಮತ್ತು ಪಂಡಿತರ ಜೊತೆಗೆ ಒಂದೇ ಪಟ್ಟಿಯಲ್ಲಿ ಕಲ್ಲುಗಣಿಗೂ ಜಾಗ. ಸಾವಿರ ಕೂಲಿಗಳು, ಕಲ್ಲುಕೆಲಸಕ್ಕೆ ನೂರು ಬಂಡಿಗಳು, ಎರಡು ವರ್ಷದ ಕೆಲಸ ಎಂದೂ ಲೆಕ್ಕ ಕೊಟ್ಟಿದ್ದಾರೆ.

ಅದೇ ಶಾಸನ ಕೆರೆಯ ಆರು ದೋಷಗಳನ್ನೂ ಹೇಳುತ್ತದೆ. ಮೊದಲ ದೋಷ ಯಾವುದು ಗೊತ್ತೆ? ಏರಿಯಿಂದ ನೀರು ಜಿನುಗುವುದು. (ಇನ್ನೊಂದು ದೋಷ, ಎರಡು ರಾಜ್ಯಗಳ ಗಡಿಯಲ್ಲಿ ಕೆರೆ ಇರುವುದು. ಕೃಷ್ಣಾ ನೀರಿನ ಜಗಳ ನೋಡಿದವರಿಗೆ ಇದರ ವಿವರಣೆ ಬೇಕಿಲ್ಲ.)

ಜಿನುಗುವುದನ್ನು ಯಾಕೆ ಮೊದಲು ಹೇಳಿದರು? ಮಣ್ಣಿನ ಏರಿ ಯಾವುದೇ ಇರಲಿ, ಅದರೊಳಗೆ ಒಂದಿಷ್ಟು ನೀರು ಹಾದೇ ಹೋಗುತ್ತದೆ. ನೀರು ತಿಳಿಯಾಗಿ ಬಂದರೆ ಭಯವಿಲ್ಲ. ಕೆಂಪಗೆ, ಮಣ್ಣು ಹೊತ್ತುಕೊಂಡು ಬಂದರೆ ಏರಿ ಒಳಗಿನಿಂದ ಖಾಲಿಯಾಗುತ್ತಿದೆ ಎಂದರ್ಥ. ಇವತ್ತು ಬೆರಳು ಗಾತ್ರದ ತೂತು, ನಾಳೆ ತೋಳು ಗಾತ್ರ, ನಾಡಿದ್ದು ಏರಿಯೇ ಇಲ್ಲ. ಕಲ್ಲಿನ ಕೆಲಸ ಇರುವುದು ಇಲ್ಲೇ. ನೀರನ್ನು ಹೋಗಲು ಬಿಡಬೇಕು, ಮಣ್ಣನ್ನು ಮಾತ್ರ ಹಿಡಿದುಕೊಳ್ಳಬೇಕು. ನೀರನ್ನೇ ತಡೆಯಲು ಹೋದ ಕಲ್ಲು ಕೊನೆಗೆ ಸೋಲುತ್ತದೆ. ತೋಟದ ಚರಂಡಿಗೂ ಇದೇ ನಿಯಮ, ಕೆರೆಗೂ ಇದೇ.

ಹಳೆಯ ಏರಿಗಳ ನೀರಿನ ಬದಿಯ ಕಲ್ಲುಹಾಸು ಗಮನಿಸಿದ್ದೀರಾ? ಮೇಲೆ ಕಾಣುವುದು ದೊಡ್ಡ ಗುಂಡುಗಲ್ಲು. ಚೆನ್ನಾಗಿ ಕಟ್ಟಿದ ಏರಿಯಲ್ಲಿ ಅದರ ಬೆನ್ನಿಗೆ ಚೂರುಗಲ್ಲು, ಗರಸಿನ ಹಾಸಿಗೆ ಇರುತ್ತದೆ. ಅಲೆ ಬಂದು ಹಿಂದಕ್ಕೆ ಹೋಗುವಾಗ ದೊಡ್ಡ ಕಲ್ಲಿನ ಸಂದಿಯಿಂದ ಮಣ್ಣನ್ನು ಎಳೆಯುತ್ತದೆ. ಹಾಗೆ ಎಳೆಯದಂತೆ ಕಾಯುವುದು ಈ ಕಾಣದ ಸಣ್ಣ ಕಲ್ಲು. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, ಹದಿನಾರನೆಯ ಶತಮಾನದಲ್ಲಿ ಕಟ್ಟಿದ ಹುಸೇನ್ ಸಾಗರದ ಏರಿಯ ಮೇಲೆ ನಾವೆಲ್ಲ ಸಂಜೆ ಕಡಲೆಕಾಯಿ ತಿನ್ನುತ್ತ ಓಡಾಡುತ್ತೇವೆ. ಕಾಲ ಕೆಳಗಿರುವುದು ಒಂದು ಮಣ್ಣಿನ ಒಡ್ಡು ಅನ್ನುವುದು ಎಷ್ಟು ಜನಕ್ಕೆ ನೆನಪಿರುತ್ತದೋ!

ಈಗ 1908ಕ್ಕೆ ಬರೋಣ. ಆ ವರ್ಷದ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದನ್ನು ನುಂಗಿತು. ಸತ್ತವರು ಸುಮಾರು 15,000 ಎಂದು ಅಂದಾಜು. ಮರು ವರ್ಷ ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಸರಕಾರ ನಮ್ಮ ಎಂ. ವಿಶ್ವೇಶ್ವರಯ್ಯನವರನ್ನು ಕರೆಸಿತು. ಅವರು ಮಾಡಿದ ಮೊದಲ ಕೆಲಸ ಲೆಕ್ಕ. ಶಂಶಾಬಾದಿನಲ್ಲಿ 24 ಗಂಟೆಗೆ 12.8 ಇಂಚು, 48 ಗಂಟೆಗೆ 18.9 ಇಂಚು ಮಳೆ. ನಗರದ ಮೇಲ್ಭಾಗದ ಜಲಾನಯನದಲ್ಲಿ 788 ಕೆರೆಗಳು, ಹೆಚ್ಚುಕಡಿಮೆ ಚದರ ಮೈಲಿಗೊಂದು. ಅವುಗಳಲ್ಲಿ 221 ಒಡೆದಿದ್ದವು.

ಈ 221ನ್ನು ಸ್ವಲ್ಪ ಹೊತ್ತು ಮನಸ್ಸಿನಲ್ಲಿಟ್ಟುಕೊಳ್ಳಿ. ಹೈದರಾಬಾದನ್ನು ಮುಳುಗಿಸಿದ್ದು ಬರೀ ಮಳೆಯಲ್ಲ, ಒಂದರ ಹಿಂದೆ ಒಂದು ಬಿದ್ದ ಮಣ್ಣಿನ ಏರಿಗಳು ಕೂಡ. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೆ. ಮಣ್ಣಿನ ಏರಿಯ ತಲೆ ಮೇಲೆ ನೀರು ಹರಿದರೆ ಎಂಥ ಕಲ್ಲುಹಾಸೂ ಅದನ್ನು ಉಳಿಸುವುದು ಕಷ್ಟ. ಅದಕ್ಕೆ ಮದ್ದು ಅಗಲವಾದ ಕಲ್ಲಿನ ಕೋಡಿ. ವಿಶ್ವೇಶ್ವರಯ್ಯನವರು ಹೇಳಿದ ದೊಡ್ಡ ಮದ್ದು ಎರಡು ಜಲಾಶಯಗಳು. ಮೂಸಿಗೆ 1920ರಲ್ಲಿ ಉಸ್ಮಾನ್ ಸಾಗರ, ಈಸಿಗೆ 1927ರಲ್ಲಿ ಹಿಮಾಯತ್ ಸಾಗರ ಮುಗಿದವು. ಮುಂದೆ ಊರಿನ ಒಳಚರಂಡಿಯ ಕೆಲಸಕ್ಕೂ ಅವರು ಇಲ್ಲಿಗೆ ಬಂದು ಹೋದರು. ಕನ್ನಡದ ಸಭೆಗಳಲ್ಲಿ ನಾವು ಕೆ.ಆರ್.ಎಸ್. ಬಗ್ಗೆ ಮಾತಾಡಿದ ಹತ್ತರಲ್ಲಿ ಒಂದು ಪಾಲೂ ಇದರ ಬಗ್ಗೆ ಮಾತಾಡುವುದಿಲ್ಲ, ನನಗೆ ಅದೊಂದು ಸಣ್ಣ ಬೇಸರ.

ಕಲ್ಲಿನ ಗಾತ್ರದ ವಿಷಯಕ್ಕೆ ಬಂದರೆ, ಮೊದಲು ಹಟ ಹಿಡಿದವನು ಸ್ಕಾಟ್ಲೆಂಡಿನ ಜಾನ್ ಮೆಕಾಡಂ. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಈತ, ಆರು ಔನ್ಸ್ ಅಂದರೆ ಸುಮಾರು 170 ಗ್ರಾಂಗಿಂತ ಭಾರದ ಕಲ್ಲು ರಸ್ತೆಗೆ ಬೀಳಕೂಡದು ಎಂದ. ಕಲ್ಲಿನ ಜೊತೆ ಮಣ್ಣು ಬೆರೆಸಕೂಡದು ಎಂದೂ ಹೇಳಿದ. ಮೂಲೆ ಇರುವ ಕಲ್ಲುಗಳು ತಾವಾಗಿಯೇ ಒಂದನ್ನೊಂದು ಕಚ್ಚಿಕೊಳ್ಳುತ್ತವೆ, ಹೊಳೆಯ ಗುಂಡುಗಲ್ಲು ಜಾರುತ್ತದೆ. ತೋಟದ ಇಳಿಜಾರಿಗೆ ಚೆಂದಕ್ಕೆಂದು ನುಣುಪಾದ ಬೆಣಚುಕಲ್ಲು ಸುರಿಸುವವರು ಇದನ್ನು ಎರಡು ಸಲ ಓದಿಕೊಳ್ಳಲಿ.

ಮೆಕಾಡಂ ಕಲ್ಲನ್ನು ಕೈಯಿಂದ ಒಡೆಸುತ್ತಿದ್ದ. ನಮ್ಮಲ್ಲೂ ವಡ್ಡರ ಹೆಂಗಸರು ಗೋಣಿತಾಟಿನ ನೆರಳಲ್ಲಿ ಕೂತು ಸುತ್ತಿಗೆಯಿಂದ ಖಡಿ ಒಡೆಯುತ್ತಿದ್ದುದನ್ನು ನನ್ನ ವಯಸ್ಸಿನವರು ನೋಡಿಯೇ ಇರುತ್ತಾರೆ. ಅಮೆರಿಕದ ಎಲಿ ವಿಟ್ನಿ ಬ್ಲೇಕ್ 1858ರಲ್ಲಿ ದವಡೆಯಂತೆ ಅಗಿಯುವ ಕ್ರಷರಿಗೆ ಪೇಟೆಂಟ್ ಪಡೆದ. ಆ ಯಂತ್ರ ಬೆನ್ನು ಮುರಿಯುವ ಕೆಲಸ ತಪ್ಪಿಸಿತು, ನಿಜ. ಆದರೆ ಕಲ್ಲಿನ ಜೊತೆ ರಾಶಿ ರಾಶಿ ಪುಡಿಯನ್ನೂ ಕೊಟ್ಟಿತು. ಆ ಪುಡಿ ಕೆಲಸಗಾರರ ಶ್ವಾಸಕೋಶಕ್ಕೆ ಹೋಯಿತು, ಉಳಿದದ್ದು ನಮ್ಮ ಚರಂಡಿಗೆ ಬಂತು. ಚರಂಡಿಗೆ ಹೇಗೆ ಅಂತೀರಾ? ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ಪಕ್ಕದ ಲೇಔಟಿನಲ್ಲಿ ಒಬ್ಬ ಬಿಲ್ಡರ್ ನಾಲೆಯ ಕಡೆ ಆಳೆತ್ತರದ ತಡೆಗೋಡೆ ಕಟ್ಟಿಸಿದ. ಹಿಂದೆ ತುಂಬಿದ್ದು ಪುಡಿ ಸಮೇತದ ಕ್ರಷರ್ ಮಾಲು. "ಸರ್, ಕಲ್ಲಿನ ಹಾಗೆ ಕೂತುಬಿಡುತ್ತೆ" ಅಂದ. ಕೂತಿತು. ಪುಡಿ ಬೆರೆತ ಖಡಿ ರಸ್ತೆಯ ತಳಕ್ಕೆ ಬೇಕಾದದ್ದೇ ಆ ಗುಣಕ್ಕಾಗಿ: ಸಂದಿ ಮುಚ್ಚಿ ಗಟ್ಟಿಯಾಗುತ್ತದೆ. ಗೋಡೆಯ ಹಿಂದೆ ಅದೇ ಗುಣ ಶತ್ರು. ನೀರು ಇಳಿಯಲು ದಾರಿಯಿಲ್ಲದೆ ಗೋಡೆಯ ಬೆನ್ನಿಗೆ ನಿಂತಿತು. ಎರಡು ಮೀಟರ್ ಎತ್ತರಕ್ಕೆ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೂ ಸುಮಾರು ಎರಡು ಟನ್ ನೂಕು ಬೀಳುತ್ತದೆ, ಮಣ್ಣಿನ ನೂಕು ಬೇರೆ. ಎರಡನೆಯ ಮಳೆಗಾಲಕ್ಕೆ ಗೋಡೆ ಹೊಟ್ಟೆ ಬಿಟ್ಟಿತು. ಕೆಳಗೆ ಗುಡಿಸಲುಗಳಿದ್ದವು. ಪುಣ್ಯಕ್ಕೆ ಬೀಳುವ ಮೊದಲೇ ಬಿಚ್ಚಿಸಿ, ಒಂದಡಿ ಅಗಲಕ್ಕೆ ಪುಡಿಯಿಲ್ಲದ 40 ಮಿ.ಮೀ. ಖಡಿ ತುಂಬಿಸಿ, ಮಣ್ಣಿನ ಕಡೆಗೆ ಬಟ್ಟೆ ಹಾಸಿ, ಗೋಡೆಯ ಬುಡದಲ್ಲಿ ನೀರು ಹೋಗುವ ಪೈಪು ಇಡಿಸಿದರು.

ಈ ಬಟ್ಟೆಯ ಹಿಂದೆ ಒಂದು ದೊಡ್ಡ ಹೆಸರಿದೆ, ಕಾರ್ಲ್ ಟೆರ್ಜಾಗಿ. ಮಣ್ಣಿನ ಶಾಸ್ತ್ರವನ್ನು ಕಟ್ಟಿದವನು. 1920ರ ದಶಕದಲ್ಲಿ ಈತ ಕೆರೆ ಕಟ್ಟುವವರು ಅಂದಾಜಿನಲ್ಲಿ ಮಾಡುತ್ತಿದ್ದುದಕ್ಕೆ ಅಂಕಿ ಕೊಟ್ಟ. ಮಣ್ಣಿಗೆ ತಾಗಿದ ಪದರದಲ್ಲಿರುವ ಸಣ್ಣ ಕಣಗಳ ಗಾತ್ರ, ಆ ಮಣ್ಣಿನಲ್ಲಿರುವ ದಪ್ಪ ಕಣಗಳ ಗಾತ್ರದ ನಾಲ್ಕೈದು ಪಟ್ಟು ಮೀರಬಾರದು. ಮೀರಿದರೆ ಮಣ್ಣು ಸಂದಿಯಲ್ಲಿ ನುಸುಳುತ್ತದೆ. ತೀರಾ ಸಣ್ಣದಾದರೆ ನೀರು ಕಟ್ಟಿಕೊಳ್ಳುತ್ತದೆ. 1940ರಲ್ಲಿ ಹಾರ್ವರ್ಡಿನ ಪ್ರಯೋಗಗಳು ಇದನ್ನು ಗಟ್ಟಿ ಮಾಡಿದವು. ಅಂದರೆ ಮಣ್ಣು, ಆಮೇಲೆ ದಪ್ಪ ಮರಳು, ಆಮೇಲೆ ಸಣ್ಣ ಖಡಿ, ಆಮೇಲೆ ದೊಡ್ಡ ಖಡಿ - ಮೆಟ್ಟಿಲು ಇಳಿದ ಹಾಗೆ. ಕೆರೆ ಏರಿಗೆ ಇಂಜಿನಿಯರ್ ಜರಡಿ ಹಿಡಿದು ಲೆಕ್ಕ ಮಾಡಲೇಬೇಕು. ಮನೆಯ ತೋಟಕ್ಕೆ ಇಷ್ಟು ಮೆಟ್ಟಿಲು ಕಟ್ಟುವವರಾರು? ಹಾಗಾಗಿ ನೀರು ಸೋಸುವ ಸಿಂಥೆಟಿಕ್ ಬಟ್ಟೆ. ಎರೆಮಣ್ಣಿನ ಜಾಗದಲ್ಲಂತೂ ಬಟ್ಟೆ ಇಲ್ಲದೆ ಖಡಿ ಹಾಕಿದರೆ, ನಾಲ್ಕು ಮಳೆಗೆ ಖಡಿ ಕೆಳಗೆ, ಕೆಸರು ಮೇಲೆ.

ಅಂದಹಾಗೆ ಖಡಿ ತುಂಬಿದ ಕಾಲುವೆಗೆ ಫ್ರೆಂಚ್ ಡ್ರೈನ್ ಅನ್ನುತ್ತಾರಲ್ಲ, ಅದಕ್ಕೂ ಫ್ರಾನ್ಸಿಗೂ ಸಂಬಂಧವಿಲ್ಲ. 1859ರಲ್ಲಿ ಹೊಲದ ಬಸಿಗಾಲುವೆಗಳ ಬಗ್ಗೆ ಪುಸ್ತಕ ಬರೆದ ಅಮೆರಿಕದ ಹೆನ್ರಿ ಫ್ಲ್ಯಾಗ್ ಫ್ರೆಂಚ್ ಎಂಬ ವಕೀಲನ ಹೆಸರು ಅದು!

ಅತ್ಯುತ್ತಮ ಉದಾಹರಣೆ ಬೇಕಿದ್ದರೆ ರೈಲು ಹಳಿ ನೋಡಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ ಬಂತು. ನನ್ನಂಥ ಎಷ್ಟೋ ಕನ್ನಡಿಗರನ್ನು ಈ ಊರಿಗೆ ತಂದು ಹಾಕಿದ್ದು ಅದೇ ದಾರಿ. ಹಳಿಯ ಕೆಳಗಿನ ಕಲ್ಲಿಗೆ ರೈಲ್ವೆಯ ಇವತ್ತಿನ ನಿಯಮ ಕೇಳಿ: 65 ಮಿ.ಮೀ. ಜರಡಿಯ ಮೇಲೆ ಶೇ. 5ಕ್ಕಿಂತ ಹೆಚ್ಚು ಉಳಿಯಬಾರದು, 20 ಮಿ.ಮೀ. ಜರಡಿಯ ಮೇಲೆ ಶೇ. 98 ಆದರೂ ಉಳಿಯಬೇಕು. ಅಂದರೆ ಪುಡಿಗೆ ಜಾಗವೇ ಇಲ್ಲ. ಕಾಲ ಕಳೆದಂತೆ ಮಣ್ಣು ಸೇರಿದರೆ, ಯಂತ್ರ ತಂದು ಕಲ್ಲನ್ನೆಲ್ಲ ಎತ್ತಿ ಜರಡಿ ಹಿಡಿದು ಮತ್ತೆ ಹಾಕುತ್ತಾರೆ. ಒಂದೇ ಅಳತೆಯ ಶುದ್ಧ ಖಡಿಯಲ್ಲಿ ಸುಮಾರು ಶೇ. 40 ಭಾಗ ಬರೀ ಖಾಲಿ ಜಾಗ. ನೀವು ದುಡ್ಡು ಕೊಡುವುದು ಕಲ್ಲಿಗಲ್ಲ, ಆ ಖಾಲಿ ಜಾಗಕ್ಕೆ ಅಂದುಕೊಳ್ಳಿ.

ಹರಿಯುವ ನೀರಿನ ಲೆಕ್ಕ ಬೇರೆ. ನೀರಿನ ವೇಗ ಎರಡರಷ್ಟಾದರೆ ಅದು ತಳ್ಳಬಲ್ಲ ಕಲ್ಲಿನ ತೂಕ ಎರಡರಷ್ಟಲ್ಲ, 64 ಪಟ್ಟು! ಹಾಗಾಗಿ ಪೈಪಿನ ಬಾಯಿಯಲ್ಲಿ, ಇಳಿಜಾರಿನ ಬುಡದಲ್ಲಿ 20 ಮಿ.ಮೀ. ಜಲ್ಲಿ ಸುರಿಯುವುದು ದಂಡ, ಮೊದಲ ಜೋರು ಮಳೆಗೆ ಅದು ಪಕ್ಕದ ಮನೆಯವರದಾಗುತ್ತದೆ. ಅಲ್ಲಿ ಗೇಣುದ್ದದ, ಮೂಲೆಗಳಿರುವ ಕಲ್ಲು ಬೇಕು, ಅದರ ಕೆಳಗೆ ಬಟ್ಟೆ ಅಥವಾ ಸಣ್ಣ ಖಡಿಯ ಹಾಸಿಗೆ ಬೇಕು.

ಯಾವ ಜಾತಿಯ ಕಲ್ಲು? ಈ ವಿಷಯದಲ್ಲಿ ಹೈದರಾಬಾದಿನವರು ಪುಣ್ಯವಂತರು. ಸುಮಾರು 250 ಕೋಟಿ ವರ್ಷ ಹಳೆಯ ಗ್ರಾನೈಟ್ ಕಾಲ ಕೆಳಗೇ ಇದೆ. ಆದರೆ ಬಂಡೆಯ ಮೇಲ್ಸಿಪ್ಪೆ ಕಲ್ಲಲ್ಲ, ಕೈಯಲ್ಲಿ ಉಜ್ಜಿದರೆ ಉದುರುತ್ತದೆ. ಎರಡು ಚೂರು ಒಂದಕ್ಕೊಂದು ಬಡಿದು ನೋಡಿ, ಠಣ್ ಎನ್ನಬೇಕು. ವಿಕಾರಾಬಾದ್ ಕಡೆಯ ಕಪ್ಪುಕಲ್ಲೂ ಗಟ್ಟಿಯಾದದ್ದೇ. ನಮ್ಮೂರ ಶಹಾಬಾದ್ ಕಲ್ಲು ನೆಲಕ್ಕೆ ತಂಪು, ಚರಂಡಿಗೆ ಬೇಡ. ಅದರ ಚೂರುಗಳು ತಟ್ಟೆಯ ಮೇಲೆ ತಟ್ಟೆಯಂತೆ ಮಲಗಿ ನೀರಿನ ದಾರಿ ಮುಚ್ಚುತ್ತವೆ.

ಬೀದರಿನ ಕೆಂಪು ಜಂಬಿಟ್ಟಿಗೆಯ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಮೇಲೆ ತೂತು ತೂತಾದ ಜಂಬಿಟ್ಟಿಗೆ, ಕೆಳಗೆ ನೀರು ಬಿಡದ ಕಪ್ಪುಕಲ್ಲು. ಮಳೆನೀರು ಮೇಲಿನದರಲ್ಲಿ ಇಳಿದು ಕೆಳಗಿನದರ ಮೇಲೆ ನಿಲ್ಲುತ್ತದೆ. ಬಹಮನಿಯರು ಹದಿನೈದನೆಯ ಶತಮಾನದಲ್ಲಿ ಎರಡೂ ಕೂಡುವ ಮಟ್ಟವನ್ನು ಹುಡುಕಿ ಸುರಂಗ ಕೊರೆಸಿ ಊರಿಗೆ ನೀರು ತಂದರು. ನೌಬಾದಿನ ಕರೇಜ್ ಇವತ್ತಿಗೂ ಇದೆ. ನೀರನ್ನು ಬಿಡುವ ಕಲ್ಲು ಯಾವುದು, ಬಿಡದ ಕಲ್ಲು ಯಾವುದು ಎಂದು ಅವರಿಗೆ ಗೊತ್ತಿತ್ತು. ಹಾಗೆಂದು ಜಂಬಿಟ್ಟಿಗೆಯ ಚೂರನ್ನು ಚರಂಡಿಗೆ ತುಂಬಬೇಡಿ, ಒಡೆದ ಮೇಲೆ ಅದು ಉದುರಿ ಕೆಂಪು ಕೆಸರಾಗುತ್ತದೆ.

2000ದ ಆಗಸ್ಟ್ 24ರಂದು ಈ ಊರಿಗೆ ಸುಮಾರು 24 ಸೆಂ.ಮೀ. ಮಳೆ ಬಿತ್ತು. 2020ರ ಅಕ್ಟೋಬರ್ 13ರಂದು ಘಟಕೇಸರದ ಕಡೆ 32 ಸೆಂ.ಮೀ. ದಾಟಿತು, 1908ರ ಶಂಶಾಬಾದಿನ ಒಂದು ದಿನದ ಲೆಕ್ಕಕ್ಕೆ ಹೆಚ್ಚುಕಡಿಮೆ ಸಮ. ಆ ರಾತ್ರಿ ಬಂಡ್ಲಗೂಡದಲ್ಲಿ ಗುಡ್ಡದ ಇಳಿಜಾರಿನ ಗೋಡೆಯೊಂದು ಮನೆಗಳ ಮೇಲೆ ಬಿದ್ದು ಹಲವರು ಸತ್ತರು, ಅದರಲ್ಲಿ ಹಸುಗೂಸೂ ಇತ್ತು. ಅದೇ ವಾರ ಬಾರ್ಕಾಸ್ ಹತ್ತಿರದ ಗುರ್ರಂ ಚೆರುವಿನ ಏರಿ ಒಡೆದು ಕೆಳಗಿನ ಬಸ್ತಿಗಳಿಗೆ ನೀರು ನುಗ್ಗಿತು.

ಮಳೆಗಾಲಕ್ಕೆ ಇನ್ನೂ ಸಮಯವಿದ್ದರೆ ಇಷ್ಟು ಮಾಡಿ. ಟ್ರ್ಯಾಕ್ಟರಿನಿಂದ ಒಂದು ಬೊಗಸೆ ಖಡಿ ತೆಗೆದು ಬಕೆಟ್ ನೀರಿಗೆ ಹಾಕಿ ಕಲಕಿ. ನೀರು ಬೂದಿಯಂತಾದರೆ ಗಾಡಿ ವಾಪಸ್ ಕಳಿಸಿ, ಅಥವಾ ತೊಳೆಸಿ ಹಾಕಿಸಿ. ಆಮೇಲೆ ನಿಮ್ಮ ಗೋಡೆಯ ಬುಡದ ಪೈಪುಗಳನ್ನು ಒಂದು ಕಡ್ಡಿ ತೂರಿಸಿ ನೋಡಿ, ಬಣ್ಣ ಬಳಿಯುವವರು ಅಂದಕ್ಕೆಂದು ಸಿಮೆಂಟ್ ಮೆತ್ತಿರುವುದುಂಟು.